ಹನ್ನೊಂದನೇ ಅಧ್ಯಾಯ, ಎಂಟು ನಿಮಿಷ ಹದಿನೈದು ಸೆಕೆಂಡು

ಫೆಬ್ರವರಿ 6

ಅಕ್ಕಾ,

ಡಬ್ಬಿ ಬಿಚ್ಚುವಾಗ ಹುಷಾರು. ಈ ಸಲ ಪ್ಲೇಯರಿಗೆ ನನ್ನ ಹಳೇ ಕಾಲುಚೀಲ ಸುತ್ತಿದ್ದೇನೆ, ಒಗೆದದ್ದೇ. 'ಪ್ಲೇಯರ್ ತಲುಪಿತು, ಅದರ ಒಂದು ಮೂಲೆ ಮಾತ್ರ ತಲುಪಲಿಲ್ಲ' ಎಂದು ಹೋದ ಸಲ ನೀನು ಬರೆದ ಚೀಟಿಯನ್ನು ನಮ್ಮ ರೆಕಾರ್ಡಿಂಗ್ ಸ್ಟುಡಿಯೋ ನಡೆಸುವ ಮೇಡಂ ಗೋಡೆಗೇ ಅಂಟಿಸಿದ್ದಾರೆ.

ನಾನು ಓದಿ ರೆಕಾರ್ಡ್ ಮಾಡಿದ ಹೊಸ ಪುಸ್ತಕ, ಹದಿನಾಲ್ಕು ಅಧ್ಯಾಯ. ಬರೆದವರು ಯಾರೋ ಹೊಸಬರು, ಹೆಂಗಸು. ಹೆಸರು ಹೇಳಬೇಡಿ ಎಂದಿದ್ದಾರೆ, ಬೇರೆ ಹೆಸರಲ್ಲಿ ಬರುತ್ತದೆ. ಯಾವಾಗಲೂ ಜೊತೆಗೆ ಕಳಿಸುವ ಟೈಪಾದ ಪ್ರತಿ ಈ ಸಲ ಇಲ್ಲ, ಪ್ರಿಂಟರ್ ಕೆಟ್ಟು ಕೂತಿದೆ. ನೀನು ಕಿವಿಯಲ್ಲೇ ಹಿಡಿಯಬೇಕು: ಉಚ್ಚಾರ, ಉಸಿರು, ಹಾಳೆ ಮಗುಚಿದ ಸದ್ದು. ಮೂವತ್ತೇಳು ಪುಸ್ತಕ ನಾನು ಓದಿ ನೀನು ಕೇಳಿದ್ದಾಯಿತು. ನಿನ್ನ ಕಿವಿ ದಾಟದೆ ನನ್ನ ಒಂದು ಪುಸ್ತಕವೂ ಹೊರಗೆ ಹೋಗಿಲ್ಲ.

ಎಲ್ಲವನ್ನೂ 'ಪುಸ್ತಕ' ಫೋಲ್ಡರಿಗೇ ಹಾಕಿದ್ದೇನೆ, ಹೋದ ಸಲದ ಹಾಗೆ 'ಹಾಡು' ಫೋಲ್ಡರಿಗಲ್ಲ. ಅಲ್ಲಿ ಹಾಕಿದರೆ ನಿಲ್ಲಿಸಿದ ಜಾಗ ಮರೆತುಬಿಡುತ್ತದೆ ಎಂದು ನೀನು ಎರಡು ಪುಟ ಬೈದದ್ದು ನೆನಪಿದೆ. ಅವಸರ ಬೇಡ. ದಿನಕ್ಕೊಂದು ಅಧ್ಯಾಯ ಸಾಕು, ಅದಕ್ಕಿಂತ ಹೆಚ್ಚು ಕೇಳಬೇಡ, ನಿನ್ನ ಬೆನ್ನಿಗೂ ಒಳ್ಳೆಯದಲ್ಲ.

16ನೇ ತಾರೀಕು ಭಾನುವಾರ ನಾನೇ ಬರುತ್ತೇನೆ. ಸುಮ್ಮನೆ, ನೋಡಿಕೊಂಡು ಹೋಗಲು. ಫೋನಲ್ಲಿ ನಾವಿಬ್ಬರೂ 'ಊಟ ಆಯ್ತಾ' ದಾಟಿ ಮುಂದೆ ಹೋಗುವುದೇ ಇಲ್ಲವಲ್ಲ.

ನಿನ್ನ
ಪುಟ್ಟಿ


ಫೆಬ್ರವರಿ 9

ಪುಟ್ಟಿ,

ಪ್ಲೇಯರ್ ಉಳಿದ ಮೂರೂ ಮೂಲೆ ಸಮೇತ ತಲುಪಿತು. ಕಾಲುಚೀಲವನ್ನು ನಾನು ಇನ್ನೊಂದು ಸಲ ಒಗೆದೆ. ನೀನು ಒಗೆದದ್ದು ಅಂದರೆ ನೀರು ತೋರಿಸಿದ್ದು ಎಂದು ನನಗೆ ಗೊತ್ತು.

ಮೊದಲ ಅಧ್ಯಾಯ ಕೇಳಿದೆ. ನಿನ್ನ ಭಾವ ಯಾವುದೋ ಆಸ್ಪತ್ರೆಯ ಲಿಫ್ಟ್ ಎರಡು ಮಹಡಿ ನಡುವೆ ನಿಂತಿದೆ ಎಂದು ಬೆಳಗ್ಗೆಯೇ ರಿಪೇರಿಗೆ ಓಡಿದರು. ಮನೆ ಶಾಂತವಾಗಿತ್ತು. ನಾನು ಬೆನ್ನಿನ ಕೆಳಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಮಲಗಿದೆ. ಪಟ್ಟಿ ಇಲ್ಲಿದೆ.

1ನೇ ಅಧ್ಯಾಯ, 3 ನಿಮಿಷ 40 ಸೆಕೆಂಡು: ನಿನ್ನ ಹೊಟ್ಟೆ ಗುರ್ ಎಂದದ್ದು ಕೇಳಿಸುತ್ತದೆ. ಕಥೆಯಲ್ಲಿ ಯಾರಿಗೂ ಹಸಿವಾಗಿಲ್ಲ. ತಿಂದು ಓದಲು ಕೂರು.

11 ನಿಮಿಷ 2 ಸೆಕೆಂಡು: 'ತಣ್ಣಗೆ' ಎನ್ನುವಾಗ ಬಾಯಿ ಒಣಗಿದೆ. ಮತ್ತೆ ಓದು.

ಉಳಿದದ್ದೆಲ್ಲ ಚೆನ್ನಾಗಿದೆ. ಚೆನ್ನಾಗಿದೆ ಅಂದರೆ ನಿಜವಾಗಿ ಚೆನ್ನಾಗಿದೆ. ನೀನು ಇಷ್ಟು ಹತ್ತಿರ ಕೂತು ಓದಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಬರೆದವಳು ಮನೆ ನಡೆಸಿ ಗೊತ್ತಿರುವ ಹೆಂಗಸು, ಒಲೆ ಒರೆಸುವುದನ್ನು ಅರ್ಧ ಪುಟ ಬರೆದರೂ ಬೇಸರವಾಗಲಿಲ್ಲ. ಸಿಕ್ಕರೆ ನಾನು ಮೆಚ್ಚಿದೆ ಎಂದು ಹೇಳು.

ಪಾಪು ಆಗಲೇ ಕೇಳಲು ಶುರು ಮಾಡಿದ್ದಾಳೆ, ಚಿಕ್ಕಮ್ಮನ ಹೊಸ ಪುಸ್ತಕ ಯಾವಾಗ ಎಂದು. ಇಪ್ಪತ್ತನಾಲ್ಕು ತುಂಬಿತು, ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ ಮಾಡುತ್ತಾಳೆ, ಮನೆಯಲ್ಲಿ ಇನ್ನೂ ಪಾಪುವೇ. ಹೋಗುವಾಗ ಒಂದೂಕಾಲು ಗಂಟೆ, ಬರುವಾಗ ಒಂದೂಕಾಲು ಗಂಟೆ ಬಸ್ಸು. ನಿನ್ನ ದನಿ ಕಿವಿಯಲ್ಲಿ ಇಲ್ಲದಿದ್ದರೆ ಬಸ್ಸು ಹತ್ತಿದ ಹಾಗೇ ಆಗುವುದಿಲ್ಲವಂತೆ. ಈಗ ನನ್ನ ಪ್ಲೇಯರ್ ಕಿತ್ತುಕೊಳ್ಳಲು ನೋಡಿದಳು. ತಪ್ಪು ಉಳಿದಿಲ್ಲ ಎಂದು ನಾನು ಸಹಿ ಹಾಕುವ ತನಕ ಮುಟ್ಟುವ ಹಾಗಿಲ್ಲ ಎಂದು ಗದರಿದೆ.

ಭಾನುವಾರ ಬಾ. ಸುಮ್ಮನೆ ನೋಡಿಕೊಂಡು ಹೋಗಲು ನೀನು ಯಾವತ್ತೂ ಬಂದವಳಲ್ಲ. ಏನೋ ಬೇಕಾಗಿದೆ. ಏನೇ ಇರಲಿ, ಬಾ.

ಅಕ್ಕ


ಫೆಬ್ರವರಿ 11

ಪುಟ್ಟಿ,

ಫೈಲಿನ ಹೆಸರಲ್ಲಿ ಒಂದರಿಂದ ಒಂಬತ್ತರ ತನಕ ಅಂಕಿಯ ಎಡಕ್ಕೆ ಸೊನ್ನೆ ಹಾಕು ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ? ಸೊನ್ನೆ ಇಲ್ಲದಿದ್ದರೆ ಈ ಪ್ಲೇಯರ್ ಒಂದಾದ ಮೇಲೆ ಹತ್ತಕ್ಕೆ ಹೋಗುತ್ತದೆ, ಆಮೇಲೆ ಹನ್ನೊಂದಕ್ಕೆ. ಎರಡು ಬರುವುದು ಹದಿನಾಲ್ಕು ಮುಗಿದ ಮೇಲೆ. ಈ ಸಲವೂ ಹಾಕಿಲ್ಲ. ಹಿಂದಿನ ದಿನ ಒಂದನೆಯದರ ಕೊನೆಗೆ ನಿಲ್ಲಿಸಿದ್ದೆ. ನಿನ್ನೆ ಗುಂಡಿ ಒತ್ತಿದೆ, 'ಮುಂದುವರಿಸಲೇ' ಎಂದು ಕೇಳಿತು, ಹೂಂ ಎಂದೆ. ಹತ್ತನೆಯದು ಶುರುವಾಯಿತು. ಕಥೆ ಯಾಕೋ ಹಾರಿದೆ ಎಂದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೇಳಿದೆ.

ಪಟ್ಟಿ.

10ನೇ ಅಧ್ಯಾಯ, 2 ನಿಮಿಷ 5 ಸೆಕೆಂಡು: 'ಎಂಟು ತಿಂಗಳ ಮಗುವನ್ನು ತಂಗಿಯ ಕೈಗೆ ಕೊಟ್ಟು ಅವಳು ಅಳುತ್ತಾ ಮನೆಬಿಟ್ಟಳು.' ತಪ್ಪು. ಅಳಲಿಲ್ಲ. ಬಾಗಿಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡಳು.

10ನೇ ಅಧ್ಯಾಯ, 9 ನಿಮಿಷ 30 ಸೆಕೆಂಡು: 'ಹಾಸ್ಟೆಲಿನ ಕೋಣೆಯ ಕಿಟಕಿಯಿಂದ ದಿನವಿಡೀ ರಸ್ತೆ ನೋಡುತ್ತಿದ್ದಳು.' ತಪ್ಪು. ಕಿಟಕಿ ಇರಲಿಲ್ಲ. ಫ್ಯಾನ್ ಕೂರಿಸಲು ಬಿಟ್ಟ ಒಂದು ತೂತು ಇತ್ತು, ಫ್ಯಾನ್ ಇರಲಿಲ್ಲ.

11ನೇ ಅಧ್ಯಾಯ, 1 ನಿಮಿಷ 50 ಸೆಕೆಂಡು: ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದ ಗಂಡ ಫೋನ್ ಮಾಡಿದಾಗ ತಂಗಿ 'ಅಕ್ಕ ಮಲಗಿದ್ದಾಳೆ' ಅನ್ನುತ್ತಾಳೆ. ತಪ್ಪು. 'ಸ್ನಾನಕ್ಕೆ ಹೋಗಿದ್ದಾಳೆ' ಅಂದಳು. ಎರಡು ಸಲವೂ ಅದನ್ನೇ ಅಂದಳು.

11ನೇ ಅಧ್ಯಾಯ, 5 ನಿಮಿಷ 20 ಸೆಕೆಂಡು: ಗೋಡೆಯ ಸ್ವಿಚ್ಚನ್ನು ಟಕ್ ಟಕ್ ಎಂದು ಒತ್ತುತ್ತಾ ಇದ್ದರೆ ಮಾತ್ರ ಮಗುವಿಗೆ ನಿದ್ದೆ. ಇದರಲ್ಲಿ ತಪ್ಪಿಲ್ಲ.

11ನೇ ಅಧ್ಯಾಯ, 8 ನಿಮಿಷ 15 ಸೆಕೆಂಡು: ಇಲ್ಲಿ ನಿಲ್ಲಿಸಿದೆ. ಹೇಗೆ ತಿದ್ದಬೇಕೋ ತಿಳಿಯಲಿಲ್ಲ. ಮುಂದಕ್ಕೆ ಕೇಳಿಲ್ಲ.

ಈ ಹೆಂಗಸು ನಾನು. ಬರೆದವಳು ನೀನು. ಆ ಹನ್ನೊಂದು ದಿನ ನಾನು ಎಲ್ಲಿದ್ದೆ ಎಂದು ಈ ಲೋಕದಲ್ಲಿ ಇಬ್ಬರಿಗೇ ಗೊತ್ತಿದ್ದದ್ದು, ಇದು ಸಾಯುವ ತನಕ ನನ್ನಲ್ಲೇ ಇರುತ್ತೆ ಎಂದು ನನ್ನ ಕೈ ಹಿಡಿದು ಹೇಳಿದವಳು ನೀನು.

ಭಾನುವಾರ ಬರಬೇಡ.


ಫೆಬ್ರವರಿ 14

ಅಕ್ಕಾ,

ಎಂಟು ಸಲ ಫೋನ್ ಮಾಡಿದೆ. ಒಂದು ಸಲ ಭಾವ ಎತ್ತಿದರು. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಎಂದರು. ನಾನು ತಟ್ಟನೆ ಫೋನ್ ಇಟ್ಟೆ.

ನಾನು ಹೇಳಬೇಕೆಂದೇ ಇದ್ದೆ, ನಂಬು. ನೀನು ದಿನಕ್ಕೊಂದು ಅಧ್ಯಾಯ ಕೇಳಿದರೆ ಹತ್ತನೆಯದು 17ಕ್ಕೋ 18ಕ್ಕೋ ಬರುತ್ತದೆ. ಅದಕ್ಕೇ 16ನೇ ತಾರೀಕು ಬರುತ್ತೇನೆ ಎಂದಿದ್ದು. ಎದುರಿಗೆ ಕೂತು, ಕೈ ಹಿಡಿದುಕೊಂಡು ಹೇಳಿ, ಆಮೇಲೆ ನೀನು ಕೇಳಲಿ ಎಂದಿತ್ತು. ಆ ಹಾಳು ಸೊನ್ನೆ ಎಲ್ಲ ಕೆಡಿಸಿತು. ಪ್ರಿಂಟರ್ ಕೆಟ್ಟಿರಲಿಲ್ಲ, ಅದೂ ಸುಳ್ಳು. ಪ್ರತಿ ಕೈಗೆ ಸಿಕ್ಕರೆ ನೀನು ಮೊದಲು ಕೊನೆಯ ಪುಟ ಓದುತ್ತೀಯ ಎಂದು ಹೆದರಿದೆ.

ಆದರೆ ಅಕ್ಕಾ, ಊರು ಬದಲಿಸಿದ್ದೇನೆ, ಗಂಡನಿಗೆ ಬೇರೆ ಕೆಲಸ ಕೊಟ್ಟಿದ್ದೇನೆ. ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷ ಬೇರೆಯವರ ವಾಕ್ಯಗಳನ್ನೇ ಓದಿದೆ. ಅವರು ಅಳು ಎಂದಲ್ಲಿ ದನಿ ಇಳಿಸಿದೆ, ನಗು ಎಂದಲ್ಲಿ ಏರಿಸಿದೆ. ನನ್ನದು ಅಂತ ಬರೆಯಲು ಕೂತಾಗ ನನ್ನ ಹತ್ತಿರ ಇದ್ದದ್ದು ಅದೊಂದೇ. ಆ ಹನ್ನೊಂದು ದಿನ ನನ್ನ ಬದುಕಲ್ಲೂ ಇದ್ದವು. ಹತ್ತೊಂಬತ್ತು ವರ್ಷ ನನಗೆ ಆಗ. ನನ್ನ ಮಡಿಲಲ್ಲಿ ಒಂದು ಮಗು ಮಲಗಿದ್ದು ಅದೇ ಮೊದಲು, ಅದೇ ಕೊನೆ.

ಆ ಹೆಂಗಸಿನ ಮೇಲೆ ಓದುವವರಿಗೆ ಪ್ರೀತಿ ಹುಟ್ಟುತ್ತದೆ. ಮೇಡಂ ಕಣ್ಣೊರೆಸಿಕೊಂಡರು. ನಿನ್ನ ಪಟ್ಟಿ ನೋಡಿ ನನಗೂ ಸ್ವಲ್ಪ ಧೈರ್ಯ ಬಂತು, ತಪ್ಪು ಹಿಡಿದಿದ್ದಾಳೆ ಅಂದರೆ ಪುಸ್ತಕವೇ ಬೇಡ ಅಂದಿಲ್ಲ ಎಂದು.

ಮಾರ್ಚ್ 10ಕ್ಕೆ ಬಿಡುಗಡೆ. ನಿನ್ನ ಸಹಿ ಇಲ್ಲದೆ ಹೊರಗೆ ಹೋಗುವುದಿಲ್ಲ, ಅದು ಸ್ಟುಡಿಯೋದ ನಿಯಮ. ನೀನು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಎಲ್ಲ ನಿನ್ನ ಕೈಯಲ್ಲಿದೆ.

ಪುಟ್ಟಿ


ಫೆಬ್ರವರಿ 18

ಪುಟ್ಟಿ,

ನಿನ್ನ ಭಾವ ಸುಳ್ಳು ಹೇಳಲಿಲ್ಲ. ನಾನು ಸ್ನಾನಕ್ಕೇ ಹೋಗಿದ್ದೆ. ಅವತ್ತಿನಿಂದ ಇವತ್ತಿನ ತನಕ ನನಗೆ ಸ್ನಾನಕ್ಕೆ ತುಂಬಾ ಹೊತ್ತು ಬೇಕು ಎಂದು ಅವರು ರೇಗಿಸುತ್ತಲೇ ಇದ್ದಾರೆ, ಯಾಕೆ ಆ ಮಾತು ಹುಟ್ಟಿತು ಎಂದು ಅವರಿಗೆ ಗೊತ್ತಿಲ್ಲ. ನಾನು ಪ್ರತಿ ಸಲ ನಕ್ಕಿದ್ದೇನೆ.

ಎಲ್ಲ ನನ್ನ ಕೈಯಲ್ಲಿದೆ ಎಂದು ಬರೆದೆಯಲ್ಲ, ಅದನ್ನು ಓದಿ ಮೈ ಉರಿಯಿತು. ಕೇಳದೆ ಬರೆದೆ. ಬರೆದು ನಿನ್ನ ಮೇಡಂಗೆ ಓದಿಸಿದೆ. ಓದಿ ರೆಕಾರ್ಡ್ ಮಾಡಿದೆ. ತಾರೀಕು ಗೊತ್ತು ಮಾಡಿದೆ. ಎಲ್ಲ ಆದ ಮೇಲೆ, ಹೊಟ್ಟೆ ಗುರ್ ಎಂದದ್ದನ್ನು ಹಿಡಿಯುವ ಕೆಲಸದ ಜೊತೆಗೆ ಅದನ್ನೂ ನನ್ನ ಮುಂದಿಟ್ಟು, ಈಗ ಬೇಡ ಅನ್ನುವ ಪಾಪ ನನ್ನ ತಲೆಗೆ ಕಟ್ಟುತ್ತೀಯ. ನಾನು ದಿನಕ್ಕೆ ಎಷ್ಟು ಕೇಳುತ್ತೇನೆ ಎಂದು ಲೆಕ್ಕ ಹಾಕಿ ನೀನು ಬರುವ ದಿನ ಇಟ್ಟುಕೊಂಡಿದ್ದೆ. ಮೂವತ್ತೇಳು ಪುಸ್ತಕದ ನಂಬಿಕೆಯನ್ನು ನೀನು ಬಳಸಿಕೊಂಡದ್ದು ಅದಕ್ಕೆ.

ಯಾರಿಗೂ ಗೊತ್ತಾಗುವುದಿಲ್ಲ ಅಂತೀಯ. ಸ್ವಿಚ್ಚಿನ ಕಥೆಯನ್ನು ನಾನು ಪಾಪುವಿಗೆ ನೂರು ಸಲ ಹೇಳಿದ್ದೇನೆ. ಅವಳು ಗೆಳತಿಯರಿಗೆಲ್ಲ ಹೇಳಿ ನಗುತ್ತಾಳೆ. ಮಾರ್ಚ್ 10ರ ನಂತರ ಒಂದು ಬೆಳಗ್ಗೆ ಬಸ್ಸಿನಲ್ಲಿ ನಿಂತುಕೊಂಡು, ಕೈಯಲ್ಲಿ ಸರಳು ಹಿಡಿದುಕೊಂಡು, ಅಮ್ಮ ತನ್ನನ್ನು ಬಿಟ್ಟು ಹೋಗಿದ್ದಳು ಎಂದು ಅವಳು ತಿಳಿಯುತ್ತಾಳೆ. ಅದೂ ನಿನ್ನ ದನಿಯಲ್ಲಿ. ಅವಳಿಗೆ ಅತ್ಯಂತ ಇಷ್ಟವಾದ ದನಿಯಲ್ಲಿ.

ಈಗ ಎಂಟು ನಿಮಿಷ ಹದಿನೈದು ಸೆಕೆಂಡಿಗೆ ಬರೋಣ.

ನಿನ್ನ ಪುಸ್ತಕದಲ್ಲಿ ಹನ್ನೊಂದನೇ ದಿನ ಅಕ್ಕ ಹಾಸ್ಟೆಲಿನಿಂದ ಫೋನ್ ಮಾಡುತ್ತಾಳೆ. ತಂಗಿ ಅಳುತ್ತಾ ಹೇಳುತ್ತಾಳೆ: 'ಬಾ ಅಕ್ಕಾ, ಮಗು ನಿನ್ನ ಹಳೇ ಶಾಲು ಹಿಡ್ಕೊಂಡೇ ಮಲಗುತ್ತೆ, ನನ್ನ ಕೈಲಿ ಆಗಲ್ಲ, ಬಾ.' ಎಷ್ಟು ಚೆನ್ನಾಗಿ ಓದಿದ್ದೀಯ. ಒಂದು ಗಳಿಗೆ ನಾನೇ ನಂಬಿಬಿಟ್ಟೆ.

ನೀನು ಹಾಗೆ ಹೇಳಲಿಲ್ಲ, ಪುಟ್ಟಿ. 'ಪಾಪು ನನ್ನ ಹತ್ರ ಚೆನ್ನಾಗಿ ಹೊಂದ್ಕೊಂಡಿದೆ ಅಕ್ಕಾ. ನಿನ್ನನ್ನ ಹುಡುಕೋದೂ ಬಿಟ್ಟಿದೆ. ನೀನು ಬರದಿದ್ರೂ ನಡೆಯುತ್ತೆ' ಎಂದೆ. ನೀನು ಅಳುತ್ತಿರಲಿಲ್ಲ. ಅಷ್ಟು ಖುಷಿಯಾಗಿ ನೀನು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಹಿಂದೆ ಸ್ವಿಚ್ಚು ಟಕ್ ಟಕ್ ಅನ್ನುತ್ತಿತ್ತು, ಮಗು ನಗುತ್ತಿತ್ತು.

ಆ ಕೋಣೆಯಲ್ಲಿ ನಾನು ಹತ್ತು ದಿನ ನಿದ್ದೆ ಮಾಡಿದ್ದೆ. ಬರೀ ನಿದ್ದೆ. ಮಗುವಿನ ಮೇಲೆ ಸಿಟ್ಟಿರಲಿಲ್ಲ, ನಿನ್ನ ಭಾವನ ಮೇಲೂ ಇರಲಿಲ್ಲ. ಎಂಟು ತಿಂಗಳು ಎರಡು ಗಂಟೆ ಒಟ್ಟಿಗೆ ಕಣ್ಣು ಮುಚ್ಚದವಳಿಗೆ ಇನ್ನೊಂದು ದಿನ ಆಗಲಿಲ್ಲ, ಅಷ್ಟೇ. ಅವತ್ತು ಫೋನ್ ಮಾಡಿದ್ದು ಇನ್ನೂ ನಾಲ್ಕು ದಿನ ಬಿಟ್ಟು ಬರುತ್ತೇನೆ ಎಂದು ಹೇಳಲು. ನಿನ್ನ ಮಾತು ಕೇಳಿ ಅರ್ಧ ಗಂಟೆಯಲ್ಲಿ ಬಸ್ಸು ಹತ್ತಿದೆ. ನಾನು ಪ್ರೀತಿ ಉಕ್ಕಿ ಓಡಿ ಬಂದವಳಲ್ಲ. ಹೆದರಿ ಬಂದೆ. ನನ್ನ ಮಗುವನ್ನು ನೀನು ತೆಗೆದುಕೊಳ್ಳುತ್ತಿದ್ದೀಯ ಎಂದು ಹೆದರಿದೆ.

ಇಷ್ಟು ವರ್ಷ ಅದನ್ನು ನಿನ್ನ ಮುಂದೆ ಆಡಲಿಲ್ಲ. ಹತ್ತೊಂಬತ್ತರ ಹುಡುಗಿ, ಏನೋ ಬಾಯಿಗೆ ಬಂದದ್ದು ಅಂದಳು ಎಂದು ನುಂಗಿಕೊಂಡೆ. ಆದರೆ ನೀನು ನನ್ನನ್ನು ಊರಿಗೆಲ್ಲ ತೋರಿಸಿ, ನಿನ್ನನ್ನು ಮಾತ್ರ ತೊಳೆದು ಇಸ್ತ್ರಿ ಮಾಡಿ ನಿಲ್ಲಿಸಿದ್ದೀಯ. ನನ್ನ ಗುಟ್ಟು ಬಯಲಾದದ್ದಕ್ಕಿಂತ ಅದು ಹೆಚ್ಚು ಸುಡುತ್ತಿದೆ.

ಪುಸ್ತಕ ನಿಲ್ಲಿಸು ಎನ್ನುವುದಿಲ್ಲ. ಪಾಪುವಿಗೆ ನಾನೇ ಹೇಳುತ್ತೇನೆ, ಅವಳು ಬಸ್ಸಿನಲ್ಲಿ ಕೇಳುವ ಮುಂಚೆ. ನಿನ್ನಿಂದ ಕೇಳುವುದು ಒಂದೇ. ಆ ಒಂದು ಮಾತನ್ನು ಸರಿಯಾಗಿ ಬರೆದು ಸರಿಯಾಗಿ ಓದು. ನೀನು ಏನಂದೆಯೋ ಅದನ್ನು. ಓದಿದರೆ ಸಹಿ ಹಾಕುತ್ತೇನೆ.

ಪ್ಲೇಯರ್ ಈ ಡಬ್ಬಿಯಲ್ಲೇ ಇದೆ.

ಅಕ್ಕ


ಫೆಬ್ರವರಿ 25

ಅಕ್ಕಾ,

ಪ್ಲೇಯರ್ ಕಳಿಸಿದ್ದೇನೆ. ಹಳೆಯದೆಲ್ಲ ಅಳಿಸಿ ಹೊಸದಾಗಿ ತುಂಬಿದ್ದೇನೆ. ಈ ಸಲ 01, 02, 03 ಎಂದು ಸೊನ್ನೆ ಹಾಕಿದ್ದೇನೆ, ನೋಡು. ಹೊಟ್ಟೆಯ ಸದ್ದು ತೆಗೆದೆ. 'ತಣ್ಣಗೆ' ಮತ್ತೆ ಓದಿದೆ. ಚಪ್ಪಲಿಯ ಪಟ್ಟಿ ಬಂತು, ಕಿಟಕಿ ಹೋಗಿ ತೂತು ಬಂತು, ಸ್ನಾನವೂ ಬಂತು. ತೂತು ಚೆನ್ನಾಗಿದೆ ಎಂದು ಮೇಡಂ ಎರಡು ಸಲ ಹೇಳಿದರು.

ಫೋನಿನ ಮಾತು ನನಗೆ ನೀನು ಹೇಳಿದ ಹಾಗೆ ನೆನಪಿಲ್ಲ. ಇಷ್ಟು ವರ್ಷದ ಮೇಲೆ ಯಾರಿಗೆ ಅಷ್ಟು ನೆನಪಿರುತ್ತದೆ? ನಿನಗೆ ಸಮಾಧಾನ ಆಗಲಿ ಎಂಬ ಒಂದೇ ಕಾರಣಕ್ಕೆ ಆ ಜಾಗವನ್ನೂ ಸರಿಮಾಡಿದ್ದೇನೆ. ಕೇಳಿದರೆ ತಿಳಿಯುತ್ತದೆ. ನಾನು ಒಳ್ಳೆಯವಳಾಗಿ ಕಾಣಬೇಕೆಂದು ಬರೆದದ್ದಲ್ಲ. ಕಥೆಗೆ ಅಲ್ಲಿ ಏನಾದರೂ ಬೇಕಿತ್ತು.

ಪಾಪುವಿಗೆ ಹೇಳುವಾಗ ನನ್ನ ಬಗ್ಗೆ ಕಠಿಣವಾಗಿ ಹೇಳಬೇಡ. ನನಗೆ ಇರುವುದು ಅವಳೊಬ್ಬಳು.

ಸಹಿಯ ಹಾಳೆ ಡಬ್ಬಿಯ ತಳದಲ್ಲಿದೆ. 5ನೇ ತಾರೀಕಿನ ಒಳಗೆ ಬಂದರೆ ಸಾಕು.

ಪುಟ್ಟಿ


ಮಾರ್ಚ್ 3

ಪುಟ್ಟಿ,

ಈ ಸಲ ಒಂದರಿಂದ ಹದಿನಾಲ್ಕರ ತನಕ ಸಾಲಾಗಿ, ಪೂರ್ತಿ ಕೇಳಿದೆ. ಮಧ್ಯೆ ಎರಡು ಸಲ ಚಾರ್ಜು ಮುಗಿಯಿತು. ಆನ್ ಮಾಡಿದಾಗ ನಿಲ್ಲಿಸಿದ ಜಾಗದಿಂದಲೇ ಶುರುವಾಯಿತು. ನಿನ್ನ ಪುಸ್ತಕ ಚೆನ್ನಾಗಿದೆ. ಅದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ಚೆನ್ನಾಗಿದೆ.

ಹನ್ನೊಂದನೇ ಅಧ್ಯಾಯ ಮೊದಲು ಇಪ್ಪತ್ತೆರಡು ನಿಮಿಷ ನಲವತ್ತು ಸೆಕೆಂಡು ಇತ್ತು. ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಈಗ ನಲವತ್ತೊಂದು ಸೆಕೆಂಡು ಕಡಿಮೆ. ಅಕ್ಕ ಫೋನ್ ಮಾಡುವುದೇ ಇಲ್ಲ. ತಂಗಿ ಏನೂ ಹೇಳುವುದೇ ಇಲ್ಲ. ಕತ್ತರಿಸಿದ ಜಾಗ ತಿಳಿಯದ ಹಾಗೆ ಜೋಡಿಸಿದ್ದೀಯ, ಉಸಿರೂ ಸರಿಯಾಗಿ ಕೂತಿದೆ. ಕೇಳಿದರೆ ತಿಳಿಯುತ್ತದೆ ಎಂದು ನೀನು ಬರೆದಿದ್ದೆ. ತಿಳಿಯಿತು. ಮೊದಲ ಸಲ ನೀನು ನನ್ನನ್ನು ಕೇಳದೆ ಬರೆದೆ. ಈ ಸಲ ಕೇಳಿ, ತಿಳಿದು, ಅಳಿಸಿದೆ. ಇದು ನನಗೆ ಹೆಚ್ಚು ನೋಯಿಸಿತು.

ಪಾಪುವಿಗೆ ಮೊನ್ನೆ ಹೇಳಿದೆ. ಒಗೆದ ಬಟ್ಟೆ ಮಡಚುತ್ತಿದ್ದೆವು. ಹೇಳಿ ಮುಗಿಸುವ ತನಕ ಅವಳು ದಿಂಬಿನ ಚೀಲ ಒಂದನ್ನೇ ಮಡಚುತ್ತಾ ಬಿಚ್ಚುತ್ತಾ ಇದ್ದಳು. ಆಮೇಲೆ ಕೇಳಿದಳು, "ಹನ್ನೊಂದು ದಿನ ಸ್ವಿಚ್ಚು ಯಾರು ಒತ್ತಿದ್ರು?"

"ನಿನ್ನ ಚಿಕ್ಕಮ್ಮ," ಎಂದೆ. ಹೌದಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ರಾತ್ರಿ ಹಗಲು ನೀನೇ ಒತ್ತಿದ್ದು.

"ಮತ್ತೆ ಯಾಕೆ ವಾಪಸ್ ಬಂದೆ?"

ನಿನ್ನ ಫೋನಿನ ಮಾತು ಹೇಳಿದೆ. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕಠಿಣವಾಗಿ ಹೇಳಲಿಲ್ಲ. ನೀನು ಹೇಳಿದ ಹಾಗೆಯೇ, ಖುಷಿಯಾಗಿ ಹೇಳಲು ನೋಡಿದೆ. ನನಗೆ ನಿನ್ನ ಹಾಗೆ ಓದಲು ಬರುವುದಿಲ್ಲ. ಅವಳು ದಿಂಬಿನ ಚೀಲವನ್ನು ಕೆಳಗಿಟ್ಟು, "ಪಾಪ ಚಿಕ್ಕಮ್ಮ," ಎಂದಳು. ನನ್ನ ಹತ್ತಿರ ಬಂದು ಕೂರಲಿಲ್ಲ. ಎರಡು ದಿನದಿಂದ ಊಟಕ್ಕೆ ಕರೆದರೆ ಮಾತ್ರ ಬರುತ್ತಾಳೆ. ಬಸ್ಸಿನಲ್ಲಿ ಏನೂ ಕೇಳುತ್ತಿಲ್ಲವಂತೆ. ಬರುತ್ತಾಳೆ, ಕಾಯುತ್ತೇನೆ.

ನೋಡಿದೆಯಾ, ಅಕ್ಕನಾದ ನನಗೆ ನಿನ್ನ ಮೇಲೆ ಹುಟ್ಟದ ಕರುಣೆ ಅವಳಿಗೆ ಹುಟ್ಟಿತು. ಆ ಮಾತನ್ನು ನೀನು ಓದಿದ್ದರೆ ಕೇಳಿದವರಿಗೆಲ್ಲ ಹುಟ್ಟುತ್ತಿತ್ತೋ ಏನೋ.

ಹಾಳೆ ಇದರ ಜೊತೆಗಿದೆ. ಅದರಲ್ಲಿ ಎಂದಿನಂತೆ ಎರಡು ಸಾಲು. 'ಪೂರ್ತಿ ಕೇಳಿದ್ದೇನೆ' ಎನ್ನುವುದರ ಮುಂದೆ ಸಹಿ ಹಾಕಿದ್ದೇನೆ. 'ತಪ್ಪು ಉಳಿದಿಲ್ಲ' ಎನ್ನುವುದನ್ನು ಹೊಡೆದುಹಾಕಿದ್ದೇನೆ. ಯಾವ ತಪ್ಪು ಎಂದು ಮೇಡಂ ಕೇಳುತ್ತಾರೆ. ಅದನ್ನು ಹಾಳೆಯಲ್ಲಿ ಬರೆದಿಲ್ಲ. ಹೇಳುವುದೋ ಬಿಡುವುದೋ, ಈಗ ನಿನ್ನ ಕೈಯಲ್ಲಿದೆ. ಮೂವತ್ತೊಂಬತ್ತನೆಯ ಪುಸ್ತಕಕ್ಕೆ ಬೇರೆ ಕಿವಿ ಹುಡುಕಿಕೊಳ್ಳಿ ಎಂದೂ ಅವರಿಗೆ ತಿಳಿಸು.

ಪ್ಲೇಯರನ್ನು ನಿನ್ನ ಕಾಲುಚೀಲದಲ್ಲೇ ಸುತ್ತಿದ್ದೇನೆ. ಹನ್ನೊಂದನೆಯದರ ಎಂಟು ನಿಮಿಷ ಹದಿನೈದಕ್ಕೆ ನಿಲ್ಲಿಸಿದ್ದೇನೆ. ಗುಂಡಿ ಒತ್ತು, 'ಮುಂದುವರಿಸಲೇ' ಎಂದು ಕೇಳುತ್ತದೆ. ಹೂಂ ಅನ್ನು. ಫೋನ್ ತೆಗೆದ ಜಾಗದಲ್ಲಿ ನೀನು ಹೊಸದಾಗಿ ಸೇರಿಸಿದ ಸಾಲು ಬರುತ್ತದೆ: 'ಹನ್ನೊಂದನೆಯ ದಿನ ಅವಳು ಚೀಲ ತುಂಬಿಕೊಂಡು ಹೊರಟಳು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ.'

ನನಗೆ ತಿಳಿದಿತ್ತು, ಪುಟ್ಟಿ. ನಿನಗೂ ತಿಳಿದಿತ್ತು.

ಅಕ್ಕ